ಗಿಟಾರ್ ಬಾಡಿಯ ಮರಕ್ಕೆ ಬೇಕಾದ ಬಣ್ಣ ಕುಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರಿನ ಮರದ ಬಾಡಿಯ ಮೇಲೆ ನಾನು ಹಚ್ಚಿದ್ದು ನೀಲಿ ಸ್ಟೇನ್, ಅಂದರೆ ಮರ ಕುಡಿಯುವ ಬಣ್ಣ. ಹಚ್ಚಿದ ದಿನ ಅದು ನೀಲಿಯಾಗಿಯೇ ಇತ್ತು. ಎರಡು ದಿನ ಬಿಟ್ಟು ಮೇಲೆ ಎಣ್ಣೆ ವಾರ್ನಿಶ್ ಕೊಟ್ಟೆ. ಮೂರನೇ ಕೋಟ್ ಒಣಗುವ ಹೊತ್ತಿಗೆ ಬಾಡಿ ಪಾಚಿ ಹಸಿರಾಗಿತ್ತು. ಸ್ಟೇನ್ ಡಬ್ಬಿಯದೇನೂ ತಪ್ಪಿರಲಿಲ್ಲ. ಮರ ಸ್ವಲ್ಪ ಹಳದಿ, ವಾರ್ನಿಶ್ ಇನ್ನೂ ಹಳದಿ, ನಡುವೆ ನನ್ನ ನೀಲಿ. ಸೇರಿದರೆ ಹಸಿರು.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಅದು. ಸ್ಟೇನ್ ಹಚ್ಚಿದ ಗಿಟಾರಿನಲ್ಲಿ ಕಣ್ಣಿಗೆ ಬೀಳುವುದು ಮೂರು ಬಣ್ಣಗಳ ಮೊತ್ತ. ಮರದ್ದು ಒಂದು, ಸ್ಟೇನಿನದ್ದು ಒಂದು, ಮೇಲಿನ ಪಾಲಿಶಿನದ್ದು ಇನ್ನೊಂದು. ಈ ಮೂರನ್ನೂ ಒಂದು ತುಂಡು ಮರದ ಮೇಲೆ ಮೊದಲೇ ಕೂಡಿಸಿ ನೋಡಿದರೆ, ಮನಸ್ಸಿನಲ್ಲಿರುವ ಬಣ್ಣವೇ ಬಾಡಿಯ ಮೇಲೆ ಬರುತ್ತದೆ. ಕೆಳಗಿನ ಹಂತಗಳೆಲ್ಲ ಅಲ್ಲಿಗೆ ತಲುಪುವ ದಾರಿಗಳು.

## ಸ್ಟೇನ್ ಅಂದರೆ ಪೇಂಟ್ ಅಲ್ಲ

ಪೇಂಟ್ ಮರದ ಮೇಲೆ ಕೂರುತ್ತದೆ, ಮರವನ್ನು ಮುಚ್ಚುತ್ತದೆ. ಸ್ಟೇನ್ ಮರದೊಳಗೆ ಇಳಿಯುತ್ತದೆ. ಗೆರೆ, ಅಲೆ, ಗಂಟು ಎಲ್ಲ ಕಾಣುತ್ತವೆ, ಬಣ್ಣ ಮಾತ್ರ ಬೇರೆಯಾಗುತ್ತದೆ.

ಸ್ಟೇನಿನಲ್ಲೂ ಎರಡು ಜಾತಿ. ಒಂದು ಪಿಗ್ಮೆಂಟ್ ಸ್ಟೇನ್. ಇದರಲ್ಲಿ ಬಣ್ಣದ ಪುಡಿ ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಅದಕ್ಕೇ ಡಬ್ಬಿಯ ತಳದಲ್ಲಿ ಕೆಸರು ನಿಲ್ಲುವುದು. ಆ ಪುಡಿ ಮರದ ಸಣ್ಣ ರಂಧ್ರಗಳಲ್ಲಿ ಮತ್ತು ಉಜ್ಜಿದ ಗೀರುಗಳಲ್ಲಿ ಹೋಗಿ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತೇಗ, ವಾಲ್‌ನಟ್, ರೋಸ್‌ವುಡ್ ಅಂತ ಸಿಗುವ ವುಡ್ ಸ್ಟೇನ್‌ಗಳು ಹೆಚ್ಚಾಗಿ ಈ ಜಾತಿ, ಇಲ್ಲವೇ ಎರಡರ ಮಿಶ್ರಣ. ಬಿಸಿಲಿಗೆ ಇವು ಚೆನ್ನಾಗಿ ತಡೆಯುತ್ತವೆ. ಆದರೆ ಜಾಸ್ತಿ ಹಚ್ಚಿದರೆ ಮರ ಮಂಕಾಗುತ್ತದೆ.

ಇನ್ನೊಂದು ಡೈ. ಇದು ಸಕ್ಕರೆ ನೀರಿನಲ್ಲಿ ಕರಗುವಂತೆ ಪೂರ್ತಿ ಕರಗುತ್ತದೆ. ಮರದ ನಾರಿನೊಳಗೇ ಹೋಗುತ್ತದೆ, ಬಣ್ಣ ಗಾಜಿನ ಹಾಗೆ ತಿಳಿಯಾಗಿ ಕಾಣುತ್ತದೆ. ಗಿಟಾರಿನ ಕೆಂಪು, ನೀಲಿ, ನೇರಳೆ ಬೇಕಾದರೆ ಡೈ ಹಿಡಿಯಿರಿ. ನೀರಿನಲ್ಲಿ ಕರಗುವ ಡೈ ನಿಧಾನ ಒಣಗುತ್ತದೆ, ಕೈಗೆ ಸಮಯ ಕೊಡುತ್ತದೆ. ಸ್ಪಿರಿಟ್ಟಿನಲ್ಲಿ ಕರಗುವುದು ಕ್ಷಣದಲ್ಲಿ ಒಣಗುತ್ತದೆ, ಹಾಗಾಗಿ ಪಟ್ಟೆ ಬೀಳುವ ಭಯ ಜಾಸ್ತಿ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ನೀರಿನ ಡೈ. ಚರ್ಮಕ್ಕೆ ಹಚ್ಚುವ ಡೈ, ಬಟ್ಟೆಯ ಡೈ ಕೂಡ ಮರ ಹಿಡಿಯುತ್ತದೆ. ಆದರೆ ಅವುಗಳಲ್ಲಿ ಹಲವು ಬೆಳಕಿಗೆ ಬೇಗ ಮಾಸುತ್ತವೆ. ಕೊಳ್ಳುವಾಗ 'ಮೆಟಲ್ ಕಾಂಪ್ಲೆಕ್ಸ್' ಅಂತ ಬರೆದಿರುವ ಡೈ ಸಿಕ್ಕರೆ ತೆಗೆದುಕೊಳ್ಳಿ, ಅವು ಸಾಮಾನ್ಯವಾಗಿ ಜಾಸ್ತಿ ಬಾಳುತ್ತವೆ.

ಮಾಸುವುದು ಸಣ್ಣ ಸಂಗತಿ ಅಲ್ಲ. ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಮಾಡಿದ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರುಗಳ ಅಂಚಿನಲ್ಲಿ ಚೆರ್ರಿ ಕೆಂಪು ಇತ್ತು. ಆ ಕೆಂಪು ಬೆಳಕಿಗೆ ತಡೆಯಲಿಲ್ಲ. ಕೆಲವು ಚಹಾದ ಬಣ್ಣಕ್ಕೆ ತಿರುಗಿದವು, ಕೆಲವು ಬರೀ ನಿಂಬೆ ಹಳದಿಯಾಗಿ ಉಳಿದವು. ಇವತ್ತು ಜನ ಆ ಮಾಸಿದ ಬಣ್ಣಕ್ಕೇ ಮರುಳಾಗಿದ್ದಾರೆ. ಆದರೆ ನಿಮಗೆ ಕೆಂಪು ಬೇಕು ಅಂದರೆ ಕೆಂಪೇ ಉಳಿಯಬೇಕು, ಅಲ್ವಾ?

ಇನ್ನೊಂದು ವಿಷಯ ತಿಳಿದಿರಲಿ. ಅಂಗಡಿಯಲ್ಲಿ ನೋಡುವ ಎಷ್ಟೋ ಗಿಟಾರುಗಳ ಬಣ್ಣ ಸ್ಟೇನೇ ಅಲ್ಲ. ಲ್ಯಾಕರ್‌ಗೆ (ಮರದ ಮೇಲೆ ಪದರ ಕಟ್ಟುವ ಒಂದು ಪಾಲಿಶ್) ಬಣ್ಣ ಬೆರೆಸಿ ಸ್ಪ್ರೇ ಗನ್ನಿನಲ್ಲಿ ಹೊಡೆದಿರುತ್ತಾರೆ. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ 1954ರಲ್ಲಿ ಬಂದಾಗಿನ, ನಡು ತಿಳಿಯಾಗಿ ಅಂಚು ಗಾಢವಾಗಿರುವ ಸನ್‌ಬರ್ಸ್ಟ್ ಅಂಚು ಹಾಗೆ ಹೊಡೆದದ್ದು. ನಮ್ಮ ಚನ್ನಪಟ್ಟಣದ ಗೊಂಬೆಗಳದ್ದೂ ಇದೇ ಬಗೆ. ತಿರುಗುವ ಆಲೆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಪದರವಾಗಿ ಹಿಡಿಯುತ್ತದೆ. ಅಂಥ ಬಣ್ಣ ನೋಡಿ ಆಸೆಪಟ್ಟರೆ ಸ್ಟೇನಿನಲ್ಲಿ ಅದೇ ಬರುವುದಿಲ್ಲ. ಸ್ಟೇನಿನ ಚೆಲುವು ಬೇರೆ.

## ನಿಮ್ಮ ಕೈಯಲ್ಲಿ ಯಾವ ಮರ ಇದೆ?

ಬಣ್ಣ ಆರಿಸುವ ಮೊದಲು ಮರ ನೋಡಿ. ಮೇಪಲ್ ಹೆಚ್ಚು ಕಡಿಮೆ ಬಿಳಿ, ಯಾವ ಬಣ್ಣಕ್ಕೂ ಒಗ್ಗುತ್ತದೆ. ಆಶ್ ಕೂಡ ತಿಳಿ ಬಣ್ಣ. ಅದರ ಗೆರೆಗಳು ಆಳ, ಬಣ್ಣ ಆ ಗೆರೆಗಳಲ್ಲಿ ಗಾಢವಾಗಿ ಕೂತು ತುಂಬಾ ಚೆನ್ನಾಗಿ ಕಾಣುತ್ತದೆ. ಆಲ್ಡರ್ ತುಸು ಕಂದು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಹೆಚ್ಚಾಗಿ ಸಿಗುವ ಬಾಸ್‌ವುಡ್ ಮೆತ್ತನೆಯ ಮರ, ಬಣ್ಣವನ್ನು ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಕುಡಿಯುತ್ತದೆ. ಮಹಾಗನಿ ಮೊದಲೇ ಕೆಂಗಂದು. ಅದಕ್ಕೆ ಕೆಂಪು, ಕಂದು, ಕಪ್ಪು ಒಪ್ಪುತ್ತವೆ. ನೀಲಿ ಹಚ್ಚಿದರೆ ಕೆಸರಿನ ಬಣ್ಣ.

ಊರಿನ ಮರದಲ್ಲಿ ಬಾಡಿ ಕೆತ್ತಿಸಿದ್ದರೆ ಇನ್ನಷ್ಟು ಎಚ್ಚರ ಬೇಕು. ವೀಣೆ ಮಾಡುವ ಹಲಸಿನ ಮರ ಹೊಸದರಲ್ಲಿ ಅರಿಸಿನದಷ್ಟು ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ. ಅದರ ಮೇಲೆ ನೀಲಿ ಅಂದರೆ ಹಸಿರೇ. ತೇಗದಲ್ಲಿ ಎಣ್ಣೆ ಅಂಶ ಇದೆ. ಬಣ್ಣ ಹಚ್ಚುವ ಸ್ವಲ್ಪ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಸರಿಯಾಗಿ ಹಿಡಿಯದು. ಬೀಟೆ ಮರ ನಿಮಗೆ ಸಿಕ್ಕಿದ್ದರೆ, ದಯವಿಟ್ಟು ಬಣ್ಣ ಹಚ್ಚಬೇಡಿ. ಜಗತ್ತಿನ ದೊಡ್ಡ ಗಿಟಾರ್ ಕಂಪನಿಗಳು ಬೆರಳು ಒತ್ತುವ ಪಟ್ಟಿಗೆ, ಅಂದರೆ ಫ್ರೆಟ್‌ಬೋರ್ಡಿಗೆ ಹುಡುಕಿಕೊಂಡು ಬರುವ ಮರ ಅದು. ಎಣ್ಣೆ ಸವರಿದರೆ ಸಾಕು.

## ಬಿಚ್ಚುವುದು, ಹಳೇ ಬಣ್ಣ ತೆಗೆಯುವುದು

ತಂತಿ ಸಡಿಲಿಸಿ, ನೆಕ್ ಅಂದರೆ ಕುತ್ತಿಗೆ ಬಿಚ್ಚಿ, ತಂತಿಯ ಸದ್ದು ಹಿಡಿಯುವ ಪಿಕಪ್, ತಂತಿ ಕೂರುವ ಬ್ರಿಡ್ಜ್, ಸ್ವಿಚ್ ಎಲ್ಲ ತೆಗೆಯಿರಿ. ಬೆಸುಗೆ ಬಿಡಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬ್ರಿಡ್ಜಿಗೆ ಹೋಗುವ ಅರ್ಥಿಂಗ್ ತಂತಿಯ ಫೋಟೋವನ್ನು ಎರಡು ಸಲ ತೆಗೆಯಿರಿ, ಕೊನೆಯಲ್ಲಿ ಎಲ್ಲರೂ ಮರೆಯುವುದು ಅದನ್ನೇ. ಸ್ಕ್ರೂಗಳನ್ನು ಭಾಗ ಭಾಗವಾಗಿ ಚಿಕ್ಕ ಕವರುಗಳಲ್ಲಿ ಹಾಕಿ ಹೆಸರು ಬರೆಯಿರಿ.

ಹೊಸ ಕಚ್ಚಾ ಬಾಡಿ ಆದರೆ ಮುಂದಿನ ಹಂತಕ್ಕೆ ಹೋಗಿ. ಬಣ್ಣ ಇರುವ ಬಾಡಿ ಆದರೆ ಅದು ಹೆಚ್ಚಾಗಿ ಪಾಲಿಯೆಸ್ಟರಿನ ದಪ್ಪ ಪದರ ಆಗಿರುತ್ತದೆ. ಪೇಂಟ್ ರಿಮೂವರ್‌ಗೆ ಅದು ಅಲ್ಲಾಡುವುದಿಲ್ಲ. ಬಿಸಿ ಗಾಳಿ ಊದುವ ಹೀಟ್ ಗನ್ ಬೇಕು. ಒಂದು ಅಂಚಿನಿಂದ ಶುರು ಮಾಡಿ ಗನ್ನನ್ನು ಅಲ್ಲಾಡಿಸುತ್ತಲೇ ಇರಿ. ಪದರ ಮೆತ್ತಗಾಗಿ ಉಬ್ಬಿದ ಕೂಡಲೇ ಮೊಂಡ ಪುಟ್ಟಿ ಬ್ಲೇಡ್ ತೂರಿಸಿ ಎಬ್ಬಿಸಿ. ಒಂದೇ ಕಡೆ ಹಿಡಿದರೆ ಮರ ಸುಡುತ್ತದೆ, ಸುಟ್ಟ ಗುರುತು ಸ್ಟೇನಿನ ಕೆಳಗೆ ಕಪ್ಪಾಗಿ ಎದ್ದು ಕಾಣುತ್ತದೆ. ಹೊಗೆ ಒಳ್ಳೆಯದಲ್ಲ. ತಾರಸಿಯ ಮೇಲೋ ಅಂಗಳದಲ್ಲೋ ಮಾಡಿ. ಧೂಳು ಏಳುವ ಕೆಲಸಕ್ಕೆ ಎನ್95 ಮಾಸ್ಕ್ ಸಾಕು, ಹೊಗೆಗೆ ಮತ್ತು ಥಿನ್ನರಿಗೆ ಕಾರ್ಬನ್ ಕ್ಯಾನಿಸ್ಟರ್ ಇರುವ ಮಾಸ್ಕೇ ಬೇಕು.

ಬಣ್ಣದ ಕೆಳಗೆ ಏನು ಸಿಗುತ್ತದೋ ಹೇಳಲು ಬರುವುದಿಲ್ಲ. ಕಪ್ಪು ಅಥವಾ ಬಿಳಿ ಪೇಂಟ್ ಇರುವ ಕಡಿಮೆ ಬೆಲೆಯ ಬಾಡಿಗಳಲ್ಲಿ ನಾಲ್ಕೈದು ತುಂಡು ಅಂಟಿಸಿರುತ್ತಾರೆ, ಒಂದರ ಗೆರೆಗೂ ಇನ್ನೊಂದರ ಗೆರೆಗೂ ಹೊಂದಿಕೆ ಇರುವುದಿಲ್ಲ. ಅಂಥದ್ದಕ್ಕೆ ತಿಳಿ ಬಣ್ಣ ಹಚ್ಚಿದರೆ ಜೋಡಣೆಯೇ ಕಾಣುತ್ತದೆ. ಗಾಢ ಬಣ್ಣಕ್ಕೆ ಹೋಗುವುದು ಒಳ್ಳೆಯದು.

## ಉಜ್ಜುವುದು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಇಲ್ಲಿ ಉಳಿದ ಒಂದು ಗೀರು ಸ್ಟೇನ್ ಬಿದ್ದ ಕೂಡಲೇ ಹತ್ತು ಪಟ್ಟು ಕಾಣುತ್ತದೆ.

ಉಪ್ಪುಕಾಗದ 80 ನಂಬರಿನಿಂದ ಶುರು, ಅದೂ ಹಳೇ ಸೀಲರ್ (ಮರ ಮುಚ್ಚಲು ಹಾಕಿದ ಪದರ) ಉಳಿದಿದ್ದರೆ ಮಾತ್ರ. ನಂತರ 120, 180, 220. ಒಂದೊಂದರಲ್ಲೂ ಹಿಂದಿನ ನಂಬರಿನ ಗೀರು ಪೂರ್ತಿ ಹೋಗುವವರೆಗೆ ಉಜ್ಜಿ. ಯಾವಾಗಲೂ ಮರದ ಗೆರೆಯ ದಿಕ್ಕಿನಲ್ಲೇ. ಚಪ್ಪಟೆ ಜಾಗಕ್ಕೆ ಮರದ ಅಥವಾ ರಬ್ಬರಿನ ಬ್ಲಾಕ್ ಇಟ್ಟುಕೊಳ್ಳಿ, ಬರೀ ಬೆರಳಿನಲ್ಲಿ ಉಜ್ಜಿದರೆ ಗುಂಡಿ ಬೀಳುತ್ತದೆ. ನೆಕ್ಕಿನ ಅಕ್ಕಪಕ್ಕ ಚಾಚಿರುವ ಕೊಂಬುಗಳ ಒಳಬದಿ ಕೈಯಲ್ಲೇ ಮಾಡಬೇಕು.

220ರ ಮೇಲೆ ಹೋಗಬೇಡಿ. ಇನ್ನೂ ನುಣುಪು ಮಾಡಿದರೆ ಮರದ ಮೈ ಮುಚ್ಚಿಕೊಂಡು ಬಣ್ಣ ಕುಡಿಯುವುದಿಲ್ಲ. ಒಂದು ಜಾಗ ಮಾತ್ರ ಇದಕ್ಕೆ ಹೊರತು. ಬಾಡಿಯ ಅಂಚುಗಳಲ್ಲಿ ಗೆರೆ ಅಡ್ಡ ಕೊಯ್ದ ಭಾಗ ಇರುತ್ತದೆ. ಅಲ್ಲಿ ಮರ ಹೀರುಕೊಳವೆಗಳ ಕಟ್ಟಿನ ಹಾಗೆ, ಬಣ್ಣವನ್ನು ಸೆಳೆದುಕೊಂಡು ಕಪ್ಪಾಗುತ್ತದೆ. ಅಲ್ಲಿ ಮಾತ್ರ 320, ಬೇಕಾದರೆ 400ರವರೆಗೆ ಹೋಗಿ. ಮುಖ ಮತ್ತು ಅಂಚಿನ ಬಣ್ಣ ಹತ್ತಿರ ಹತ್ತಿರ ಬರುತ್ತದೆ.

ಆಮೇಲೆ ಒದ್ದೆ ಬಟ್ಟೆಯಿಂದ ಇಡೀ ಬಾಡಿ ಒರೆಸಿ. ಒಣಗಿದ ಮೇಲೆ ಕೈಯಾಡಿಸಿದರೆ ಗಡ್ಡದ ಹಾಗೆ ಚುಚ್ಚುತ್ತದೆ. ನಾರು ಎದ್ದು ನಿಂತಿದೆ. 320ರಲ್ಲಿ ತೀರ ಹಗುರವಾಗಿ, ಒಂದೆರಡು ಸಲ ಎಳೆದು ಆ ನಾರು ಮಾತ್ರ ಕತ್ತರಿಸಿ. ಇದನ್ನು ಈಗ ಮಾಡದಿದ್ದರೆ ನೀರಿನ ಡೈ ಹಚ್ಚಿದ ಮೇಲೆ ಅದೇ ನಾರು ಏಳುತ್ತದೆ. ಆಗ ಉಜ್ಜಿದರೆ ಬಣ್ಣ ಹೋಗುತ್ತದೆ.

ಕೊನೆಗೆ ಸ್ಪಿರಿಟ್ ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜೋಡಣೆಯ ಹತ್ತಿರ ಫೆವಿಕಾಲ್ ಮೆತ್ತಿಕೊಂಡಿದ್ದರೆ ಅಲ್ಲಿ ಮರ ಒದ್ದೆಯಾಗುವುದಿಲ್ಲ, ಬಿಳಿಚಿ ಕಾಣುತ್ತದೆ. ಕೆರೆದು ಮತ್ತೆ ಉಜ್ಜಿ. ಅಂಟಿನ ಮೇಲೆ ಯಾವ ಸ್ಟೇನೂ ಹಿಡಿಯುವುದಿಲ್ಲ.

ಉಜ್ಜಲು ಸ್ಟೀಲ್ ವೂಲ್ ಬೇಡ. ಅದರ ಚೂರು ರಂಧ್ರದಲ್ಲಿ ಉಳಿದರೆ ನೀರು ತಾಗಿ ತುಕ್ಕಿನ ಚುಕ್ಕೆಯಾಗುತ್ತದೆ. ಗಿಟಾರಿನಲ್ಲಿ ಇನ್ನೊಂದು ತೊಂದರೆ, ಪಿಕಪ್ಪಿನ ಅಯಸ್ಕಾಂತ ಆ ಚೂರನ್ನೆಲ್ಲ ಎಳೆದುಕೊಳ್ಳುತ್ತದೆ.

## ತುಂಡು ಮರದ ಮೇಲೆ ಪ್ರಯೋಗ

ಇಲ್ಲಿ ಆತುರ ಮಾಡಬೇಡಿ. ಒಂದು ಪೂರ್ತಿ ಭಾನುವಾರ ಕೊಡಿ.

ಬಾಡಿಯ ಜಾತಿಯದೇ ಮರದ ತುಂಡು ಹುಡುಕಿ. ಬಾಡಿ ಮಾಡಿಸಿದ ಕಡೆ ಕೇಳಿದರೆ ಚೂರು ಕೊಡುತ್ತಾರೆ. ಸಿಗಲೇ ಇಲ್ಲ ಅಂದರೆ ಬಾಡಿಯಲ್ಲೇ ಜಾಗ ಇದೆ. ಪಿಕ್‌ಗಾರ್ಡ್ (ಗೀರು ತಡೆಯುವ ಪ್ಲಾಸ್ಟಿಕ್ ಹೊದಿಕೆ) ಕೆಳಗೆ ಮುಚ್ಚಿಹೋಗುವ ಮರ, ಪಿಕಪ್ ಗುಂಡಿಯ ಒಳಗೋಡೆ. ತುಂಡನ್ನೂ ಬಾಡಿಯ ಹಾಗೆಯೇ 220ರವರೆಗೆ ಉಜ್ಜಿ, ನೀರು ಒರೆಸಿ, ಮತ್ತೆ ಉಜ್ಜಿ. ಬೇರೆ ಥರ ಉಜ್ಜಿದ ತುಂಡು ಬೇರೆ ಬಣ್ಣ ತೋರಿಸುತ್ತದೆ.

ಪೆನ್ಸಿಲಿನಲ್ಲಿ ಗೆರೆ ಎಳೆದು ಆರು ಮನೆ ಮಾಡಿ. ಡೈಯನ್ನು ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಗೆ ಒಂದು, ಅದರ ಅರ್ಧಕ್ಕೆ ಒಂದು, ಕಾಲು ಭಾಗಕ್ಕೆ ಒಂದು ಕಲಸಿ. ಪುಡಿ ಡೈ ಸಾಮಾನ್ಯವಾಗಿ ಒಂದು ಲೀಟರ್ ಬಿಸಿ ನೀರಿಗೆ ಸುಮಾರು 30 ಗ್ರಾಂ. ಒಂದು ಬಾಡಿಗೆ 200 ಮಿಲಿ ಧಾರಾಳ, ಅಂದರೆ 6 ಗ್ರಾಂ. ಚಿಕ್ಕ ತಕ್ಕಡಿಯಲ್ಲಿ ತೂಗಿ, ಅಂದಾಜು ಬೇಡ. ಮೊದಲ ಮೂರು ಮನೆಗೆ ಒಂದೊಂದು ಕೋಟ್, ಉಳಿದ ಮೂರಕ್ಕೆ ಎರಡೆರಡು. ಎಷ್ಟು ಗ್ರಾಂ, ಎಷ್ಟು ನೀರು, ಎಷ್ಟು ಕೋಟ್ ಅಂತ ಮರದ ಹಿಂಬದಿಯಲ್ಲಿ ಬರೆಯಿರಿ. ಬರೆಯದಿದ್ದರೆ ಇಷ್ಟವಾದ ಬಣ್ಣವನ್ನು ಮತ್ತೆ ಕಲಸಲು ಆಗುವುದಿಲ್ಲ.

ಒಣಗಿದಾಗ ಡೈ ಸಪ್ಪೆಯಾಗಿ, ಸುಣ್ಣ ಬಳಿದ ಹಾಗೆ ಕಾಣುತ್ತದೆ. ಹೆದರಬೇಡಿ. ಮೇಲೆ ಪಾಲಿಶ್ ಬಿದ್ದಾಗ ಆಳ ಬರುತ್ತದೆ. ಅದಕ್ಕೇ ಪ್ರಯೋಗದ ತುಂಡಿಗೂ ನೀವು ಕೊನೆಯಲ್ಲಿ ಹಾಕುವ ಪಾಲಿಶನ್ನೇ ಮೂರು ಕೋಟ್ ಹಾಕಿ. ಆಮೇಲೆ ಹಗಲು ಬೆಳಕಿನಲ್ಲಿ ನೋಡಿ, ರಾತ್ರಿ ಟ್ಯೂಬ್‌ಲೈಟಿನಲ್ಲೂ ನೋಡಿ. ತುಂಡಿನ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಕಿಟಕಿಯಲ್ಲಿ ಎರಡು ವಾರ ಇಟ್ಟರೆ ಬಣ್ಣ ಎಷ್ಟು ಮಾಸುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಬಣ್ಣ ತಿದ್ದುವುದು ಹೀಗೆ. ಕೆಂಪು ತೀರ ಕಣ್ಣು ಕುಕ್ಕಿದರೆ ಒಂದೆರಡು ಹನಿ ಹಸಿರು ಬೆರೆಸಿ, ಕಂದಿನ ಕಡೆ ವಾಲುತ್ತದೆ. ನೀಲಿ ಹಸಿರಾಗುತ್ತಿದ್ದರೆ ಚೂರು ನೇರಳೆ ಬೆರೆಸಿ, ಅದು ಮರದ ಹಳದಿಯನ್ನು ಕೊಲ್ಲುತ್ತದೆ. ಕಿತ್ತಳೆ ಜಾಸ್ತಿಯಾದರೆ ನೀಲಿ ಹನಿ. ಹನಿ ಲೆಕ್ಕದಲ್ಲೇ ಹೋಗಿ.

## ಕಲೆ ಕಲೆಯಾಗದಂತೆ

ಬಾಸ್‌ವುಡ್, ಪೈನ್, ಆಲ್ಡರ್, ಕೆಲವೊಮ್ಮೆ ಮೇಪಲ್ ಕೂಡ ಬಣ್ಣವನ್ನು ಮೋಡ ಮೋಡವಾಗಿ ಹಿಡಿಯುತ್ತವೆ. ಇದಕ್ಕೆ ಮದ್ದು ತೆಳು ಅರಗು (ಶೆಲ್ಯಾಕ್). ಮೇಣ ತೆಗೆದ ಅರಗಿನ ಚಕ್ಕೆ 6 ಗ್ರಾಂ, 100 ಮಿಲಿ ಸ್ಪಿರಿಟ್. ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಕರಗಿರುತ್ತದೆ. ಬಟ್ಟೆಯಲ್ಲಿ ಒಂದು ಸಲ ಸವರಿ, ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಉಜ್ಜಿ. ಮರದ ಬಾಯಾರಿಕೆ ಸ್ವಲ್ಪ ತಣಿಯುತ್ತದೆ, ಬಣ್ಣ ಸಮವಾಗಿ ಕೂರುತ್ತದೆ. ಆದರೆ ಬಣ್ಣ ತೆಳುವಾಗುತ್ತದೆ. ಹಾಗಾಗಿ ಪ್ರಯೋಗದ ತುಂಡಿಗೂ ಇದೇ ಅರಗು ಹಾಕಿರಬೇಕು. ಅರಗಿನ ಮೇಲೆ ಸ್ಪಿರಿಟ್ ಡೈ ಹಚ್ಚಿದರೆ ಅರಗೇ ಕರಗುತ್ತದೆ, ಇಲ್ಲಿ ನೀರಿನ ಡೈ ಬಳಸಿ.

ಅಂಗಡಿಯಲ್ಲಿ ಅರಗು ಕೊಳ್ಳುವಾಗ ಮೇಣ ತೆಗೆದದ್ದು ಅಂತ ಕೇಳಿಯೇ ಕೊಳ್ಳಿ. ಮೇಣ ಇರುವ ಅರಗಿನ ಮೇಲೆ ಪಿಯು (ಪಾಲಿಯುರೆಥೇನ್ ಪಾಲಿಶ್) ಸರಿಯಾಗಿ ಅಂಟುವುದಿಲ್ಲ.

## ಬಣ್ಣ ಹಚ್ಚುವ ದಿನ

ನೆಕ್ ಕೂರುವ ಗುಂಡಿಯ ಒಳಗೆ ಪೂರ್ತಿ ಮಾಸ್ಕಿಂಗ್ ಟೇಪ್ ಹಾಕಿ. ಅಲ್ಲಿ ಬಣ್ಣ ಇಳಿದರೂ ಪರವಾಗಿಲ್ಲ, ಆಮೇಲೆ ಬರುವ ಪಾಲಿಶ್ ಪದರ ಕಟ್ಟಬಾರದು. ಪದರ ದಪ್ಪವಾದರೆ ನೆಕ್ ಬಿಗಿಯಾಗಿ, ಒತ್ತಿ ಕೂರಿಸುವಾಗ ಅಂಚು ಬಿರುಕು ಬಿಡುತ್ತದೆ. ಆ ಗುಂಡಿಯ ಸ್ಕ್ರೂ ತೂತುಗಳಿಗೆ ಒಂದಡಿ ಉದ್ದದ ಮರದ ಪಟ್ಟಿ ಬಿಗಿಯಿರಿ. ಹಿಡಿದುಕೊಳ್ಳಲು ಹಿಡಿಯೂ ಆಯಿತು, ನೇತುಹಾಕಲು ಕೊಕ್ಕೆಯೂ ಆಯಿತು.

ಕೈಗೆ ಗ್ಲೌಸ್ ಹಾಕಿ. ಡೈ ಚರ್ಮಕ್ಕೆ ಹಿಡಿದರೆ ವಾರವಾದರೂ ಹೋಗುವುದಿಲ್ಲ. ಪಾಲಿಶ್ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು, ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ.

ಹಳೇ ಬನಿಯನ್ ಬಟ್ಟೆ ಮಡಚಿ ಡೈಯಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ. ಮೊದಲು ಹಿಂಬದಿ, ಆಮೇಲೆ ಅಂಚು, ಕೊನೆಗೆ ಮುಂಬದಿ. ಹಿಂಬದಿಯಲ್ಲಿ ಕೈ ಪಳಗುತ್ತದೆ. ಗೆರೆಯ ದಿಕ್ಕಿನಲ್ಲಿ ಉದ್ದಕ್ಕೆ ಎಳೆಯಿರಿ, ಒಂದು ಎಳೆತ ಒಣಗುವ ಮೊದಲೇ ಪಕ್ಕದ್ದು ಅದರ ಮೇಲೆ ಸ್ವಲ್ಪ ಹತ್ತಬೇಕು. ಒಂದು ಮುಖ ಶುರು ಮಾಡಿದ ಮೇಲೆ ನಡುವೆ ಫೋನ್ ಎತ್ತಬೇಡಿ. ಪೂರ್ತಿ ಒದ್ದೆಯಾದ ಮೇಲೆ ಒಣ ಬಟ್ಟೆಯಿಂದ ಹೆಚ್ಚಾದದ್ದನ್ನು ಒರೆಸಿ. ಫರ್ನಿಚರ್ ಪಾಲಿಶ್ ಮಾಡುವ ಹಿರಿಯರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿ ಹೇಳಿದ್ದರು: "ಸ್ವಲ್ಪ ತಾಳಿ ಸಾರ್, ಮರ ಕುಡೀಲಿ." ಒಂದು ನಿಮಿಷ ಬಿಟ್ಟು ಒರೆಸುವುದಕ್ಕೂ ತಕ್ಷಣ ಒರೆಸುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅವತ್ತು ನೋಡಿದೆ.

ಸ್ಪಿರಿಟ್ ಡೈ ಅರ್ಧ ಗಂಟೆಯಲ್ಲಿ ಒಣಗುತ್ತದೆ. ನೀರಿನದ್ದು ಒಂದು ರಾತ್ರಿ, ಮಳೆಗಾಲದಲ್ಲಿ ಒಂದು ಪೂರ್ತಿ ದಿನ. ಗಾಢ ಬೇಕಾದರೆ ಎರಡನೇ ಕೋಟ್. ಜಾಸ್ತಿ ಗಾಢವಾಯಿತಾ? ನೀರಿನ ಡೈ ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ವಲ್ಪ ಬಿಡುತ್ತದೆ. ಪೂರ್ತಿ ತೆಗೆಯುವುದು ಕಷ್ಟ, ಅದಕ್ಕೆ ತೆಳು ಕೋಟುಗಳಲ್ಲೇ ಮುಂದೆ ಹೋಗಿ.

## ಕೆಲವು ಬಣ್ಣಗಳ ಗುಟ್ಟು

ಚೆರ್ರಿ ಕೆಂಪು. ಮಹಾಗನಿಯ ಮೇಲೆ ಇದಕ್ಕಿಂತ ಚೆಂದದ ಬಣ್ಣ ನಾನು ಕಂಡಿಲ್ಲ. 1961ರಲ್ಲಿ ಗಿಬ್ಸನ್ ತಂದ ಎರಡು ಕೊಂಬಿನ ತೆಳು ಬಾಡಿ, ಮುಂದೆ ಎಸ್‌ಜಿ ಅಂತ ಹೆಸರಾದದ್ದು, ಹೆಚ್ಚಾಗಿ ಇದೇ ಬಣ್ಣದ್ದು. ಕೆಂಪು ಡೈಗೆ ಹತ್ತರಲ್ಲಿ ಒಂದು ಭಾಗ ಕಂದು ಬೆರೆಸಿ. ಡೈ ಒಣಗಿ, ಮೇಲೆ ತೆಳು ಅರಗಿನ ಒಂದು ಕೋಟ್ ಹಾಕಿದ ಮೇಲೆ ಮರದ ರಂಧ್ರ ಮುಚ್ಚುವ ಗಾಢ ಕಂದು ಗ್ರೇನ್ ಫಿಲ್ಲರ್ ತುಂಬಿ. ಗೆರೆಗೆ ಅಡ್ಡಲಾಗಿ ಒತ್ತಿ ತುಂಬಬೇಕು. ಮಂಕಾದಾಗ ಸೆಣಬಿನ ಗೋಣಿ ಬಟ್ಟೆಯಿಂದ ಅಡ್ಡಲಾಗಿಯೇ ಒರೆಸಬೇಕು. ರಂಧ್ರಗಳು ಗಾಢವಾಗಿ, ಮರದ ಮೈ ಕೆಂಪಾಗಿ ನಿಲ್ಲುತ್ತದೆ. ನಡುವಿನ ಅರಗು ಇಲ್ಲದಿದ್ದರೆ ಫಿಲ್ಲರ್ ಇಡೀ ಬಾಡಿಯನ್ನು ಕಂದು ಮಾಡಿಬಿಡುತ್ತದೆ.

ನೀಲಿ. ಮೇಪಲ್ ಅಥವಾ ಆಶ್ ಇದ್ದರೆ ಮಾತ್ರ. ಮೇಲಿನ ಪಾಲಿಶ್ ನೀರಿನ ಪಿಯು ಆಗಿರಲಿ, ಅದು ಹಳದಿಯಾಗುವುದು ತೀರ ಕಡಿಮೆ. ಎಣ್ಣೆ ವಾರ್ನಿಶ್ ಬೇಡವೇ ಬೇಡ.

ಅಲೆ ಇರುವ ಮೇಪಲ್. ಹುಲಿಯ ಪಟ್ಟೆಯ ಹಾಗೆ ಹೊಳೆಯುವ ಮರ ಸಿಕ್ಕಿದ್ದರೆ ಮೊದಲು ಕಪ್ಪು ಡೈಯನ್ನು ತೆಳುವಾಗಿ ಹಚ್ಚಿ. ಒಣಗಿದ ಮೇಲೆ 220ರಲ್ಲಿ ಉಜ್ಜಿ ತೆಗೆಯಿರಿ. ಅಲೆಯ ಆಳದಲ್ಲಿ ಕಪ್ಪು ಉಳಿಯುತ್ತದೆ, ಉಳಿದ ಕಡೆ ಹೋಗುತ್ತದೆ. ಅದರ ಮೇಲೆ ನಿಮ್ಮ ಬಣ್ಣ. ಗಿಟಾರ್ ಅಲ್ಲಾಡಿಸಿದಾಗ ಪಟ್ಟೆಗಳು ಓಡಾಡುವಂತೆ ಕಾಣುತ್ತವೆ. ಮೇಪಲ್ ಮೇಲೆ ಅಂಟಿಸಿದ ತೆಳು ಹಾಳೆ, ಅಂದರೆ ವೆನಿಯರ್ ಆಗಿದ್ದರೆ ಇದನ್ನು ಮಾಡಬೇಡಿ. ಅರ್ಧ ಮಿಲಿಮೀಟರ್ ಪದರ ಉಜ್ಜಿದಷ್ಟೇ ಬೇಗ ತೂತಾಗುತ್ತದೆ.

ಕಪ್ಪು, ಅಂಗಡಿ ಡೈ ಇಲ್ಲದೆ. ಇದು ನನಗೆ ತುಂಬಾ ಇಷ್ಟವಾದ ದಾರಿ. ಗ್ರಂಧಿಗೆ ಅಂಗಡಿಯಿಂದ ಅಳಲೆಕಾಯಿ ಪುಡಿ ತನ್ನಿ. ಮೂರು ಚಮಚ ಪುಡಿಯನ್ನು ಒಂದು ಲೋಟ ಬಿಸಿ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ. ಇನ್ನೊಂದು ಗಾಜಿನ ಬಾಟಲಿಯಲ್ಲಿ ವಿನೆಗರ್ ಹಾಕಿ, ಸೋಪಿನಲ್ಲಿ ತೊಳೆದ ಕಬ್ಬಿಣದ ಸ್ಟೀಲ್ ವೂಲ್ ಮುಳುಗಿಸಿ ಒಂದು ವಾರ ಬಿಡಿ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಜುಂಗು ಆಗುವುದಿಲ್ಲ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ವಾರದ ನಂತರ ದಪ್ಪ ಬಟ್ಟೆಯಲ್ಲಿ ಸೋಸಿಕೊಳ್ಳಿ. ಮರಕ್ಕೆ ಮೊದಲು ಅಳಲೆ ನೀರು ಸವರಿ ಒಣಗಿಸಿ, ಆಮೇಲೆ ಕಬ್ಬಿಣದ ನೀರು. ಕಣ್ಣೆದುರೇ ಮರ ಬೂದಿಯಿಂದ ಕಪ್ಪಿಗೆ ತಿರುಗುತ್ತದೆ. ಅಳಲೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಇದು. ಕಲಂಕಾರಿ ಬಟ್ಟೆಯ ಕಪ್ಪು ಗೆರೆಯ ಹಿಂದಿರುವುದೂ ಇದೇ ಜೋಡಿ. ಆಶ್ ಮೇಲೆ ಇದು ಅದ್ಭುತವಾಗಿ ಬರುತ್ತದೆ.

ಸನ್‌ಬರ್ಸ್ಟ್, ಕೈಯಲ್ಲೇ. ಗನ್ ಇಲ್ಲದೆಯೂ ಆಗುತ್ತದೆ. ಇಡೀ ಮುಖಕ್ಕೆ ಹಳದಿ. ಒದ್ದೆ ಇರುವಾಗಲೇ ಅಂಚಿನಿಂದ ಮೂರು ಬೆರಳಿನಷ್ಟು ಒಳಗೆ ಕಿತ್ತಳೆ ಕಂದು, ತೀರ ಅಂಚಿಗೆ ಗಾಢ ಕಂದು. ನೀರು ಅದ್ದಿದ ಸ್ವಚ್ಛ ಬಟ್ಟೆಯಿಂದ ಎರಡು ಬಣ್ಣ ಕೂಡುವ ಗೆರೆಯನ್ನು ಸಣ್ಣ ಸುತ್ತುಗಳಲ್ಲಿ ಅಳಿಸುತ್ತಾ ಬನ್ನಿ. ಗಾಢವನ್ನು ಒಳಗೆ ಎಳೆಯಬೇಡಿ, ತಿಳಿಯನ್ನು ಹೊರಗೆ ಎಳೆಯಿರಿ. ನಡುವಿನ ಹಳದಿ ಒಮ್ಮೆ ಕೊಳೆಯಾದರೆ ಮತ್ತೆ ಬರುವುದಿಲ್ಲ.

## ಬಣ್ಣ ಮುಚ್ಚುವ ಸೀಲರ್

ಇಲ್ಲಿ ಒಂದು ನಿಯಮ. ಡೈ ಯಾವುದರಲ್ಲಿ ಕರಗಿದೆಯೋ ಅದೇ ದ್ರವದ ಪಾಲಿಶನ್ನು ಬಟ್ಟೆಯಲ್ಲಿ ಉಜ್ಜಿ ಹಾಕಬೇಡಿ. ನೀರಿನ ಡೈ ಮೇಲೆ ನೀರಿನ ಪಿಯು ಬ್ರಶ್ ಎಳೆದರೆ ಬಣ್ಣ ಬ್ರಶ್ಶಿಗೆ ಬರುತ್ತದೆ. ನಡುವೆ ಅರಗಿನ ಒಂದು ಕೋಟ್ ಇಟ್ಟರೆ ಜಗಳ ಮುಗಿಯಿತು. ಈ ಸಲ 100 ಮಿಲಿ ಸ್ಪಿರಿಟ್ಟಿಗೆ 12 ಗ್ರಾಂ. ಸ್ಪಿರಿಟ್ ಡೈ ಆಗಿದ್ದರೆ ಅರಗೂ ಬಣ್ಣ ಎಳೆಯುತ್ತದೆ. ಅಲ್ಲಿ ಸೀಲರನ್ನು ಸ್ಪ್ರೇ ಕ್ಯಾನಿನಲ್ಲಿ ತೀರ ತೆಳುವಾಗಿ ಎರಡು ಸಲ ಹೊಡೆದು ಆಮೇಲೆ ಮುಂದುವರಿಯಿರಿ.

ಸೀಲರ್ ಮೇಲೆ ಉಜ್ಜುವಾಗ ಅಂಚುಗಳನ್ನು ಮುಟ್ಟಬೇಡಿ. ಅಂಚಿನಲ್ಲಿ ಪದರ ಯಾವಾಗಲೂ ತೆಳು. ಒಂದು ಎಳೆತಕ್ಕೆ ಬಿಳಿ ಮರ ಇಣುಕುತ್ತದೆ.

## ಮೇಲಿನ ಪಾಲಿಶ್

ಎಣ್ಣೆ ತುಂಬಾ ಸುಲಭ. ಡ್ಯಾನಿಶ್ ಆಯಿಲ್ ಅಥವಾ ಟಂಗ್ ಆಯಿಲ್ ಬಟ್ಟೆಯಲ್ಲಿ ಸವರಿ, ಹದಿನೈದು ನಿಮಿಷ ಬಿಟ್ಟು ಒರೆಸಿ, ದಿನಕ್ಕೊಂದರಂತೆ ನಾಲ್ಕೈದು ಕೋಟ್. ಮುಟ್ಟಿದರೆ ಮರ ಮುಟ್ಟಿದ ಹಾಗೆಯೇ ಇರುತ್ತದೆ. ಗಾಜಿನ ಹೊಳಪು ಬರುವುದಿಲ್ಲ, ಕೆಂಪು ಕಂದುಗಳಿಗೆ ಒಳ್ಳೆಯದು. ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ನೀರಿನ ಪಿಯು ಮನೆಯಲ್ಲಿ ಮಾಡುವವರಿಗೆ ಅನುಕೂಲ. ವಾಸನೆ ಕಡಿಮೆ, ಮೆತ್ತನೆ ಬ್ರಶ್ಶಿನಲ್ಲೂ ಬರುತ್ತದೆ. ಎರಡು ಮೂರು ಗಂಟೆಗೊಂದು ಕೋಟ್, ಒಟ್ಟು ಆರರಿಂದ ಎಂಟು. ಎರಡು ಡಬ್ಬಿ ಬೆರೆಸುವ ಗಟ್ಟಿ ಪಿಯು ಮಾತ್ರ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಅದು ಬೇಕಾದರೆ ಸ್ಪ್ರೇ ಬೂತ್ ಇರುವವರ ಹತ್ತಿರ ಕೊಡಿ.

ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಹಳೇ ಗಿಟಾರುಗಳ ಪಾಲಿಶ್. ತೆಳುವಾಗಿ ಹತ್ತು ಹನ್ನೆರಡು ಕೋಟ್, ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ವರ್ಷ ಕಳೆದಂತೆ ಜೇನಿನ ಬಣ್ಣ ಬರುತ್ತದೆ, ನೀಲಿಗೆ ಹಾಕುವ ಮೊದಲು ಇದನ್ನು ಯೋಚಿಸಿ. ಇದಕ್ಕೆ ನಮ್ಮ ಹವಾಮಾನವೂ ಸಹಕರಿಸಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಲ್ಯಾಕರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮಂಗಳೂರು, ಮಲೆನಾಡಿನ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಮುಟ್ಟದಿರುವುದೇ ವಾಸಿ. ಬೆಂಗಳೂರಿನಲ್ಲೂ ಮಳೆ ಬಂದು ನಿಂತ ಸಂಜೆ ಬೇಡ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಬೆಳಗ್ಗೆ ಹತ್ತರ ನಂತರ. ಬೆಳ್ಳಗಾದರೆ ಗಾಬರಿಯಾಗಬೇಡಿ. ಒಣ ಹವೆ ಬಂದ ದಿನ ನಿಧಾನ ಒಣಗುವ ರಿಟಾರ್ಡರ್ ಥಿನ್ನರ್ ಒಂದು ತೆಳು ಕೋಟ್ ಹೊಡೆದರೆ ಹೆಚ್ಚಾಗಿ ತಿಳಿಯಾಗುತ್ತದೆ.

## ಹೊಳಪು, ಜೋಡಣೆ

ಲ್ಯಾಕರ್ ಆದರೆ ಮೂರು ನಾಲ್ಕು ವಾರ ನೇತುಹಾಕಿ ಬಿಡಿ. ಮೂಗು ಹತ್ತಿರ ತಂದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಆಗಿಲ್ಲ. ನೀರಿನ ಪಿಯುಗೆ ಎರಡು ವಾರ. ಆಮೇಲೆ ಸೋಪು ನೀರಿನಲ್ಲಿ 1000, 1500, 2000 ನಂಬರಿನ ವಾಟರ್ ಪೇಪರ್, ಕೊನೆಗೆ ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್. ಸ್ಕ್ರೂ ತೂತುಗಳ ಹತ್ತಿರ ನೀರು ಬಿಡಬೇಡಿ. ಒಳಗೆ ಹೋದ ನೀರಿಗೆ ಮರ ಊದಿ ತೂತಿನ ಸುತ್ತ ಪಾಲಿಶ್ ಒಡೆಯುತ್ತದೆ. ತೂತಿಗೆ ಮೊದಲೇ ಮೇಣದ ಬತ್ತಿ ಉಜ್ಜಿಡಿ.

ಸ್ಕ್ರೂ ಹಾಕುವ ಮೊದಲು ತೂತಿನ ಬಾಯಿಯ ಪಾಲಿಶನ್ನು ಚೂಪು ಬ್ಲೇಡಿನಿಂದ ಬಿಡಿಸಿ, ಇಲ್ಲದಿದ್ದರೆ ಸ್ಕ್ರೂ ಅದನ್ನು ಎತ್ತಿ ಬಿರುಕು ಬಿಡಿಸುತ್ತದೆ. ನೆಕ್ ಗುಂಡಿಯ ಟೇಪ್ ತೆಗೆಯಿರಿ. ಅರ್ಥಿಂಗ್ ತಂತಿಯನ್ನು ಫೋಟೋ ನೋಡಿ ಬೆಸೆಯಿರಿ. ಆಂಪ್‌ಗೆ ಹಾಕಿದಾಗ ಬರುವ ಗುಂಯ್ ಸದ್ದು ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಅರ್ಥಿಂಗ್ ಸರಿಯಾಗಿದೆ. ಮುಟ್ಟಿದರೂ ಹಾಗೇ ಇದ್ದರೆ ಆ ಬೆಸುಗೆಯನ್ನೇ ಮೊದಲು ನೋಡಿ.

ಲ್ಯಾಕರ್ ಹಾಕಿದ ಗಿಟಾರನ್ನು ರಬ್ಬರ್ ಹಿಡಿಯ ಸ್ಟ್ಯಾಂಡಿನಲ್ಲಿ ನೇರವಾಗಿ ಇಡಬೇಡಿ. ರಬ್ಬರಿನಲ್ಲಿರುವ ರಾಸಾಯನಿಕ ಲ್ಯಾಕರನ್ನು ಮೆತ್ತಗೆ ಮಾಡಿ ಅಂಟಿಕೊಳ್ಳುತ್ತದೆ. ಸ್ಟ್ಯಾಂಡಿನ ಕೈಗಳಿಗೆ ಹಳೇ ಹತ್ತಿ ಪಂಚೆಯ ತುಂಡು ಸುತ್ತಿ ದಾರ ಕಟ್ಟಿ.